ಸೊಟ್ಟ ಕಿರುಬೆರಳು

ಬಾಂಗ್ಸಾರ್, ಕೌಲಾಲಂಪುರ
ಮಂಗಳವಾರ, 18 ಫೆಬ್ರವರಿ 2025

ರತ್ನಾಕರ,

ಹೇಗಿದ್ದೀಯ ಎಂದು ಕೇಳುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ, ಕೇಳುತ್ತಿದ್ದೇನೆ. ನೀನು ನಮ್ಮನ್ನು ಬಿಟ್ಟು ಮೈಸೂರಿಗೆ ಹೋದ ಮೇಲೆ ಮಗಳ ಶಾಲೆ, ವೀಸಾ ಬಿಟ್ಟು ಬೇರೇನೂ ನಾವು ಮಾತಾಡಿಲ್ಲ.

ವೆರಾ ಲೆಬೆದಿನ್‌ಸ್ಕಾಯಾಳ ಮೇಲಿನ ನನ್ನ ಪುಸ್ತಕ ಮುಗಿಯಿತು. ಮಾಸ್ಕೋದಲ್ಲಿ ಫೋಟೊಗಳನ್ನು ಕತ್ತರಿಸಿ ಅಂಟಿಸಿ ಅವಳು ಮಾಡಿದ ಪೋಸ್ಟರ್‌ಗಳಿಗೆಲ್ಲ ಗಂಡನ ಸಹಿ. 1930ರ ದಶಕದಲ್ಲಿ ಸೋವಿಯತ್ ಸರ್ಕಾರಕ್ಕೆ ಅಂಥ ಕಲೆ ಬೇಡವಾದಾಗ ಅವನು ಪ್ರೊಫೆಸರಾದ. ಅವಳು ಬೆಂಕಿಪೊಟ್ಟಣಗಳ ಮೇಲಿನ ಚಿತ್ರ ಬರೆಯುತ್ತಾ ಮುದುಕಿಯಾದಳು.

ಹೋದ ವರ್ಷ ನಮ್ಮ ಊಟದ ಮೇಜಿನಲ್ಲಿ ನೀನು ಆ ಪೋಸ್ಟರ್‌ಗಳ ಸ್ಕ್ಯಾನ್‌ಗಳ ಮೇಲಿನ ಕೊಳೆ, ಗೀರು ಅಳಿಸುತ್ತಿದ್ದೆ. ಇದ್ದಕ್ಕಿದ್ದಂತೆ ನಕ್ಕು, ‘ಏ ಮಾನಸ, ನಿನ್ನ ಕಮ್ಯುನಿಸ್ಟ್ ಗಂಡಸರೆಲ್ಲ ಒಂದೇ ತಾಯಿ ಮಕ್ಕಳೇನೇ? ಎಲ್ರ ಕಿರುಬೆರಳೂ ಸೊಟ್ಟ!’ ಎಂದೆ. ‘ಮೊದಲು ಕೆಲಸ ಮುಗಿಸಪ್ಪ’ ಎಂದೆ ನಾನು. ನೀನು ಬಿಡಲಿಲ್ಲ. ವೆರಾಳದೆಂದು ಉಳಿದಿರುವ ಒಂದೇ ಫೋಟೊವನ್ನು ತೆರೆದು ದೊಡ್ಡದು ಮಾಡಿದೆ. ಕತ್ತರಿ ಹಿಡಿದ ಕೈ, ಅದೇ ಬೆರಳು. ಕಮ್ಮಾರನ ಮುಷ್ಟಿ, ರೈತನ ಅಂಗೈ ಎಲ್ಲಕ್ಕೂ ಅವಳು ತನ್ನ ಕೈಯನ್ನೇ ಫೋಟೊ ತೆಗೆಸಿಕೊಂಡಿದ್ದಳು.

ಸಹಿ ಗಂಡನದಾದರೂ ಕೆಲಸ ಅವಳದು ಎನ್ನಲು ಆ ಬೆರಳೇ ಸಾಕ್ಷಿ; ನನ್ನ ಇಡೀ ಪುಸ್ತಕ ನಿಂತಿರುವುದು ಅದರ ಮೇಲೆ. ಮುನ್ನುಡಿಯಲ್ಲಿ ನಾನು ಬರೆದಿರುವುದು, ‘ಒಂದು ಸಂಜೆ ಅದು ನನ್ನ ಕಣ್ಣಿಗೆ ಬಿತ್ತು’ ಎಂದು. ಮೊದಲ ಕರಡಿನಲ್ಲಿ ನಿನ್ನ ಹೆಸರಿತ್ತು. ಜಗಳದ ದಿನಗಳಲ್ಲಿ ಸಿಟ್ಟಿಗೆ ತೆಗೆದೆ ಎಂದುಕೊಂಡಿದ್ದೆ. ಸಿಟ್ಟು ಇಳಿದ ಮೇಲೂ ವಾಪಸ್ಸು ಹಾಕಲಿಲ್ಲ. ನಿನ್ನ ಹೆಸರಿಲ್ಲದೆ ಆ ವಾಕ್ಯ ಚೆನ್ನಾಗಿತ್ತು.

ಭಾನುವಾರ ನಮ್ಮ ಬೀದಿಯ ಮಾಮಕ್ ಹೋಟೆಲಿನಲ್ಲಿ ರೋಟಿ ತಿನ್ನುತ್ತಾ ಮಗಳು ಅಕ್ಷಿತಾಗೆ ಆ ಮುನ್ನುಡಿಯನ್ನು ಓದಿ ಹೇಳಿದೆ. ತಟ್ಟೆಯಿಂದ ತಲೆ ಎತ್ತದೆ, ‘ಬಟ್ ಅಪ್ಪ ಫೌಂಡ್ ಇಟ್, ಲಾ’ ಎಂದಳು, ತನ್ನ ಮಲೇಷ್ಯಾ ಇಂಗ್ಲಿಷಿನಲ್ಲಿ. ‘ಅಪ್ಪ ಹೆಲ್ಪ್ ಮಾಡಿದ್ರು ಕಣೇ’ ಎಂದೆ. ವೆರಾಳ ಗಂಡನೂ ಒಂದು ಸಂದರ್ಶನದಲ್ಲಿ ಹೆಂಡತಿಯ ಬಗ್ಗೆ ಅದನ್ನೇ ಹೇಳಿದ್ದ: ಸಹಾಯ ಮಾಡುತ್ತಿದ್ದಳು. ಆ ಮಾತಿಗಾಗಿ ಅವನನ್ನು ಬಯ್ಯಲು ನಾನೊಂದು ಅಧ್ಯಾಯವನ್ನೇ ಬರೆದಿದ್ದೇನೆ.

ಆ ಸಾಲಿನಲ್ಲಿ ನಿನ್ನ ಹೆಸರು ಹಾಕಲೇ? ನಿನ್ನ ಉತ್ತರ ಬಂದ ಮೇಲೆ ತಿದ್ದುತ್ತೇನೆ.

ಇಂತಿ,
ಮಾನಸ

ಮತ್ತೆ: ಪುಸ್ತಕ ಅಚ್ಚಿಗೆ ಹೋಗುವುದು ಈ ಶುಕ್ರವಾರ. ಅಂಚೆ ಮೈಸೂರು ಮುಟ್ಟಲು ಎರಡು ವಾರವಾದರೂ ಬೇಕು. ಅದು ಗೊತ್ತಿದ್ದೇ ಕಾಗದ ಬರೆಯಲು ಕೂತೆ. ನಿನಗೆ ಹೇಳಿದ ಹಾಗೂ ಆಗುತ್ತಿತ್ತು, ಪುಸ್ತಕವೂ ಇದ್ದ ಹಾಗೇ ಉಳಿಯುತ್ತಿತ್ತು. ಅಂಟಿಸಿದ ಲಕೋಟೆಯನ್ನು ಈಗ ಹರಿದಿದ್ದೇನೆ. ಈ ಹಾಳೆಗಳ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೇನೆ. ನೀನು ಓದಿದೆ ಎಂದು ನೀಲಿ ಗುರುತು ಬಿದ್ದ ಮೇಲೆ ನನಗೆ ಯಾವ ನೆಪವೂ ಉಳಿಯುವುದಿಲ್ಲ.