ಎರಡನೆಯ ಎಕ್ಕ

ನಾಗಮಂಗಲ
12 ನವೆಂಬರ್ 2025

ನಮ್ಮ ಮನೆಯವರಿಗೆ ವೀಣ ಮಾಡುವ ನಮಸ್ಕಾರಗಳು. ಮೂರು ವರ್ಷ ಬೇರೆ ಇದ್ದರೂ ಹೀಗೆ ಬರೆಯುವುದನ್ನು ಕೈ ಮರೆತಿಲ್ಲ.

ನಿಮ್ಮ ಕಾಗದ ಆಫೀಸಿನ ವಿಳಾಸಕ್ಕೆ ಬಂತು. ಮೂರೇ ಸಾಲು. ಭಾನುವಾರ ಶ್ರೀರಂಗಪಟ್ಟಣದಲ್ಲಿ ಬ್ರಿಡ್ಜ್ ಪಂದ್ಯ, ನನಗೆ ಜೋಡಿ ಇಲ್ಲ, ಬರುವುದಾದರೆ ಬಾ. ಗುಲಗಂಜಿ ಇಟ್ಟು ಚಿನ್ನ ತೂಗುವವರು ಮಾತನ್ನೂ ಹಾಗೇ ತೂಗಿದ್ದೀರಿ. ಕರೆದಿರೋ, ಸುಮ್ಮನೆ ತಿಳಿಸಿದಿರೋ ಗೊತ್ತಾಗದೆ ನಾಲ್ಕು ದಿನ ಅದನ್ನೇ ಓದಿದೆ.

ಪಾಂಡವಪುರದ ಕ್ಲಬ್ಬಿನಲ್ಲಿ ನಾವಾಡಿದ ಕೊನೆಯ ಆಟ ನಿಮಗೂ ನೆನಪಿರಬೇಕು. ಇಸ್ಪೀಟೇ ತುರುಪು ಎಂದು ಇಬ್ಬರೂ ಒಪ್ಪಿ ಆಗಿತ್ತು. ಸ್ಲಾಮ್ ಕೂಗಿ, ಹದಿಮೂರರಲ್ಲಿ ಹನ್ನೆರಡು ಸುತ್ತು ಗೆದ್ದರೆ ಶೀಲ್ಡ್ ನಮ್ಮದು. ನೀವು ನಾಲ್ಕು ನೋಟ್ರಂಪ್ ಎಂದು ಕೂಗಿ, ನನ್ನ ಕೈಯಲ್ಲಿ ಎಕ್ಕ ಎಷ್ಟಿವೆ ಎಂದು ಆಟದ ಸಂಕೇತದಲ್ಲೇ ಕೇಳಿದಿರಿ. ನಾನು ಐದು ಡೈಮಂಡ್ ಎಂದೆ, ಅಂದರೆ ಒಂದೇ. ನೀವು ಸ್ಲಾಮಿನ ಆರಕ್ಕೆ ಹೋಗದೆ ಐದಕ್ಕೇ ನಿಂತಿರಿ. ನನ್ನ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟಾಗ ಎಕ್ಕ ಎರಡಿದ್ದವು. ಹನ್ನೆರಡು ಸುತ್ತೂ ಬಂದವು, ಆದರೆ ಕೂಗದ ಸ್ಲಾಮಿಗೆ ಅಂಕವಿಲ್ಲ, ಶೀಲ್ಡ್ ಎದುರಾಳಿ ರವೀಂದ್ರ ಅವರ ಮನೆ ಸೇರಿತು.

ಕಣ್ಣು ತಪ್ಪಿತು ಎಂದೆ. "ತಾಮ್ರ ಬೆರ್ಸುದ್ರೆ ಗೊತ್ತಾಗಾಕಿಲ್ವಾ ನಂಗೆ? ನಾಕ್ ಜನದ್ ಮುಂದೆ ಮರ್ವಾದೆ ಕಳುದ್ಬುಟ್ಟೆ" ಎಂದಿರಿ. ಮತ್ತೆ ನನ್ನ ಜೊತೆ ಆಡಲಿಲ್ಲ. ನನಗೆ ಇಲ್ಲಿಗೆ ವರ್ಗವಾದಾಗ "ಓಗೋದಾದ್ರೆ ಓಗು" ಎಂದಿರಿ. ಬೇಡ ಅನ್ನಿ ಎಂದು ನಾನೂ ಬಾಯಿಬಿಟ್ಟು ಕೇಳಲಿಲ್ಲ.

ಇಲ್ಲಿ ಸಂಜೆ ಒಬ್ಬಳೇ ಕೂತು ನಾಲ್ಕು ಕಡೆಗೂ ಎಲೆ ಹಂಚುತ್ತೇನೆ. ನಿಮ್ಮ ಕಡೆಯವನ್ನು ಎತ್ತಿ ನೋಡಲು ಮನಸ್ಸು ಬರುವುದಿಲ್ಲ. ನಿಮ್ಮನ್ನೇ ನೋಡಬೇಕು ಅನ್ನಿಸುತ್ತದೆ.

ಐದಕ್ಕೆ ನಿಂತರೆ ಇದ್ದದ್ದು ಉಳಿಯುತ್ತದೆ, ಆರಕ್ಕೆ ಹೋಗಿ ಸೋತರೆ ಅದೂ ಇಲ್ಲ. ನಮಗೆ ಉಳಿದಿರುವುದಾದರೂ ಏನು, ಹಬ್ಬಕ್ಕೊಂದು ಫೋನು. ಹೋದರೆ ಹೋಗಲಿ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ.

ಇಂತಿ ನಿಮ್ಮ,
ವೀಣ

ತಾ.ಕ.: ಅವತ್ತು ಕಣ್ಣು ತಪ್ಪಿರಲಿಲ್ಲ. ಬೆಳಿಗ್ಗೆ ನೀವು ಪಕ್ಕದಂಗಡಿಯ ಮಹದೇವಸ್ವಾಮಿಯವರಿಗೆ "ಶೀಲ್ಡ್ ಒಂದ್ ಬಂದ್ಬುಡ್ಲಿ, ಆಟ ಬುಟ್ಬುಡ್ತೀನಿ" ಅಂದದ್ದು ನನಗೆ ಕೇಳಿಸಿತ್ತು. ಅಂಗಡಿಯಲ್ಲೂ ಮನೆಯಲ್ಲೂ ನೀವು ಕೆಲಸದಿಂದ ತಲೆ ಎತ್ತಿದವರಲ್ಲ. ವಾರಕ್ಕೊಮ್ಮೆ ಆ ಮೇಜಿನಲ್ಲಿ ಮಾತ್ರ, ಮೂರು ಗಂಟೆ ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದಿರಿ. ಈ ಸಲ ಎರಡಿದ್ದರೆ ಎರಡೇ ಅನ್ನುತ್ತೇನೆ. ಶೀಲ್ಡ್ ಬಂದರೂ ಆಟ ಬಿಡಬೇಡಿ.