ಹಿಂಗೋಡೆಯ ಬಾಗಿಲು

ಸ್ವೇಲ್ ಕಣಿವೆ, ಮಾರ್ಚ್ ೧೮೭೪

ಮಗಳು ಕೆಜಾಯಾಳಿಗೆ,

ನಮ್ಮ ಪುಟ್ಟ ಚಾಪೆಲ್ಲಿನ ಹಿಂಗೋಡೆ ಒಡೆದು ಬಾಗಿಲಿಡಿಸಿದ್ದಕ್ಕೆ ಒಟ್ಟು ಒಂಬತ್ತು ಪೌಂಡು ತಗುಲಿತು. ಜತೆಗೆ ಸಭೆಯ ಹಿರಿಯ ಈನಕ್‌ನ ಸ್ನೇಹವೂ ಹೋಯಿತು. ನನ್ನಜ್ಜ ಗಣಿಯ ಕೆಲಸ ಮುಗಿಸಿ ಬಂದು ಕಟ್ಟಿದ ಗೋಡೆ ಅದು. ಸುಲಭಕ್ಕೆ ಬಗ್ಗಲಿಲ್ಲ, ನಮ್ಮ ವಂಶದವರ ಹಾಗೆ.

ಮೊದಲಿದ್ದ ಎರಡು ಬಾಗಿಲನ್ನೂ ಅಜ್ಜ ಬೋಧಕರ ಪೀಠದ ಎಡಬಲಕ್ಕೇ ಇಟ್ಟಿದ್ದ. ತಡವಾಗಿ ಬಂದವರು ಇಡೀ ಸಭೆಗೆ ಮುಖ ಕೊಟ್ಟೇ ಒಳಗೆ ಬರಬೇಕು.

"ನಾಚ್ಕೆ ಆಗ್ಲಿ ಅಂತಲೇ ನಿಮ್ಮಜ್ಜ ಹಂಗ್ ಮಾಡಿದ್ದು ಕಣೋ ಜೇಬೆಜ್. ನೀನು ಕಳ್ಳಬಾಗ್ಲು ಇಡ್ತೀಯಲ್ಲೋ!" ಎಂದ ಈನಕ್.

"ಗಾಳಿಗೆ ಕಣಯ್ಯಾ. ನೀನು ಪ್ರಾರ್ಥನೆಗೆ ನಿಂತ್ರೆ ನಮಗೆಲ್ಲ ಉಸಿರು ಕಟ್ಟುತ್ತೆ," ಎಂದೆ.

ನಮ್ಮ ಚಾಪೆಲ್ಲಿನವರಿಗೆ ಆಗಿಬರದ, ಊರ ದೊಡ್ಡ ಚರ್ಚಿನವನನ್ನು ಮದುವೆಯಾದ ಮೇಲೆ ನೀನು ಇತ್ತ ಬಂದಿರಲಿಲ್ಲ. ಕ್ರಿಸ್ಮಸ್ಸಿಗೆ ಕೂಸನ್ನೆತ್ತಿಕೊಂಡು ಬಾಗಿಲವರೆಗೆ ಬಂದೆ. ಅಷ್ಟೂ ಕಣ್ಣು ನಿನ್ನತ್ತ ತಿರುಗಿದ್ದೇ ಹೊರಟುಹೋದೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹೊಸ ಬಾಗಿಲು ಕೊನೆಯ ಬೆಂಚಿನ ಪಕ್ಕದಲ್ಲೇ ಇದೆ. ಬಿಜಾಗರಿಗೆ ಎಣ್ಣೆ ಹಾಕಿದ್ದೇನೆ, ಸದ್ದಾಗದು. ಬರುವಾಗ ಕೂಸಿಗೆ ಬೆಚ್ಚಗೆ ಹೊದಿಸು.

ಲೆಕ್ಕ ಇಷ್ಟು: ಗೌಂಡಿಗೆ ಕೂಲಿ ಸಿಕ್ಕಿತು, ಈನಕ್‌ಗೆ ದೂರಲು ವಿಷಯ ಸಿಕ್ಕಿತು, ಸಭೆಗೆಲ್ಲ ನೆಗಡಿ ಸಿಕ್ಕಿತು. ನನಗೆ ಇನ್ನೂ ಏನೂ ಸಿಕ್ಕಿಲ್ಲ.

ನಿನ್ನ ತಂದೆ,
ಜೇಬೆಜ್ ಔಥ್‌ವೇಟ್