ಎಡಬಾಗಿಲಿಗೆ ಅಂಟದ ಅಯಸ್ಕಾಂತ

ಅಣ್ಣಾ,

ನಿನ್ನ ವಿಳಾಸ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ.

ಅಪ್ಪನ ಮಾರಿಸ್ ಮೈನರ್ ಕಾರಿಗೆ ಇವತ್ತು ಬೆಲೆ ಕಟ್ಟಿಸಿದೆ. ಸೋಮವಾರ ಅಮ್ಮನ ಆಪರೇಷನ್. ಮಾರುವುದಕ್ಕೆ ಮನೆಯಲ್ಲಿ ಬೇರೇನೂ ಉಳಿದಿಲ್ಲ. ಎಚ್ಚರವಾದಾಗಲೆಲ್ಲ ಅವಳು ನಿನ್ನನ್ನೇ ಕೇಳುತ್ತಾಳೆ.

ಹಳೇ ಕಾರು ಕೊಳ್ಳುವವರೊಬ್ಬರು ಬಂದಿದ್ದರು. ಎಂಜಿನ್ ಸದ್ದು ಕೇಳಿ ತಲೆದೂಗಿದರು. ಆಮೇಲೆ ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಿಂದ ತೆಗೆದು, ಡಾಕ್ಟರು ಎದೆ ಪರೀಕ್ಷಿಸುವ ಹಾಗೆ ಕಾರಿನ ಮೈಮೇಲೆಲ್ಲ ಇಟ್ಟು ನೋಡಿದರು. ಎಲ್ಲ ಕಡೆ ಕಚ್ಚಿಕೊಂಡಿತು. ಎಡಬಾಗಿಲಲ್ಲಿ ಮಾತ್ರ ಜಾರಿ ಅವರ ಅಂಗೈಗೆ ಬಿತ್ತು.

"ಇಲ್ಲಿ ನೆಗ್ಗು ಮುಚ್ಚೋಕೆ ಬೆರಳು ದಪ್ಪ ಪುಟ್ಟಿ ಮೆತ್ತಿದ್ದಾರಮ್ಮ. ಬಣ್ಣದ ಕೆಳಗೆ ಗೊತ್ತೇ ಆಗಲ್ಲ ನೋಡಿ."

ಅಂದು ಗೇಟಿನ ಕಂಬಕ್ಕೆ ಗುದ್ದಿದಾಗ ಸ್ಟೀರಿಂಗ್ ಹಿಡಿದಿದ್ದವಳು ನಾನು. ನೀನು ಪಕ್ಕದಲ್ಲಿ ಕೂತು ಕಲಿಸುತ್ತಿದ್ದೆ. ಅಪ್ಪ ಓಡಿ ಬರುವಷ್ಟರಲ್ಲಿ ನನ್ನನ್ನು ಇಳಿಸಿ, ನೀನೇ ನನ್ನ ಸೀಟಿಗೆ ಜರುಗಿದೆ. ನಮಗಿಂತ ಹೆಚ್ಚು ಆ ಕಾರನ್ನೇ ಮುದ್ದು ಮಾಡುತ್ತಿದ್ದ ಅಪ್ಪ ನಿನ್ನ ಕೆನ್ನೆಗೆ ಬಾರಿಸಿ, "ಇನ್ನು ಈ ಮನೆ ಮೆಟ್ಟಿಲು ಹತ್ತಬೇಡ" ಅಂದರು. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ನೀನು ನಿಜವಾಗಿಯೂ ಹೊರಟುಹೋದೆ.

"ಬೆಲೆ ಅರ್ಧಕ್ಕರ್ಧ ಇಳಿಯುತ್ತೆ," ಅಂದರು ಅವರು. "ಯಾರಮ್ಮ ಗುದ್ದಿದ್ದು?"

ಅಪ್ಪ ತೀರಿಕೊಂಡು ಹತ್ತು ವರ್ಷವಾಯಿತು. ನನ್ನ ಮೇಲೆ ಕೈಯೆತ್ತುವವರು ಅಲ್ಲಿ ಯಾರೂ ಇರಲಿಲ್ಲ.

"ನಮ್ಮಣ್ಣ," ಅಂದೆ.